ಯೆಲ್, ಏರು, ಚೀರು: ‘ಗಂಬರೆ’ ಅನ್ನೋಕೆ ನಾವು ಏನಂತ ಕೂಗುತ್ತೇವೆ?

ಎಲ್ಲರಿಗೂ ನಮಸ್ಕಾರ. ಒದ್ದಾಡುತ್ತಿರುವವರಿಗೆ ಧೈರ್ಯ ಕೊಡೋಕೆ ಜಪಾನಿಯವರು ‘ಗಂಬರೆ’ ಅನ್ನುತ್ತಾರೆ, ಅದಕ್ಕೆ ಕನ್ನಡದಲ್ಲಿ ಏನನ್ನಬೇಕು ಅನ್ನೋ ವಿಚಾರ ಎರಡು ದಿನದಿಂದ ತಲೆ ತಿನ್ನುತ್ತಿದೆ. ಮೊದಲು ಅದು ಹುಟ್ಟಿದ್ದು ಎಲ್ಲಿ ಅಂತ ಹೇಳಿಬಿಡುತ್ತೇನೆ.

ಅಕ್ಕನ ಮಗಳು ರಜೆಗೆ ಬಂದಿದ್ದಾಳೆ. ಎಂಟನೇ ಕ್ಲಾಸು. ಅವಳ ಕಾಟಕ್ಕೆ ‘ಅನಿಮಾ ಯೆಲ್!’ ಅನ್ನೋ ಜಪಾನಿ ಅನಿಮೆ, ಅಂದರೆ ಕಾರ್ಟೂನ್ ಧಾರಾವಾಹಿ, ನೋಡೋಕೆ ಕೂತೆ. 2018ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿನ ಟೀವಿಯಲ್ಲಿ ಬಂದದ್ದು, ಒಟ್ಟು 12 ಕಂತು, ದೋಗಾ ಕೋಬೋ ಸ್ಟುಡಿಯೋದ ಕೆಲಸ. ಸದ್ಯಕ್ಕೆ ಶುರುವಿನ ಕಂತುಗಳಷ್ಟೇ ಆಗಿವೆ. ಹೈಸ್ಕೂಲು ಸೇರಿದ ಕೊಹಾನೆ ಅನ್ನೋ ಹುಡುಗಿ ಶಾಲೆಯಲ್ಲಿ ಚಿಯರ್‌ಲೀಡಿಂಗ್ (ಕುಣಿದು, ಕೂಗಿ ಆಟಗಾರರಿಗೆ ಹುರುಪು ತುಂಬೋದು) ಕ್ಲಬ್ ಕಟ್ಟಲು ಹೊರಡುತ್ತಾಳೆ. ಯಾರಿಗೆ ತೊಂದರೆಯಾದರೂ ಓಡಿ ಹೋಗಿ ಕೈಹಾಕೋ ಜಾತಿ. ಆದರೆ ಎತ್ತರ ಕಂಡರೆ ಕೈಕಾಲು ತಣ್ಣಗಾಗುತ್ತವೆ. ಒಬ್ಬರ ಹೆಗಲ ಮೇಲೊಬ್ಬರು ನಿಲ್ಲೋ ಆಟಕ್ಕೆ ಇಂಥವಳು! ಗೆಳತಿ ಉಕಿಗೆ ಇವಳನ್ನು ಕಾಯೋದೇ ಕೆಲಸ. ಹಿಜುಮೆಗೆ ಚಿಯರ್‌ಲೀಡಿಂಗ್ ಚೆನ್ನಾಗಿ ಗೊತ್ತು, ನಗೋಕೆ ಮಾತ್ರ ಬರಲ್ಲ. ನನಗೆ ಹಿಡಿಸಿದ್ದು ಅವಳೇ. ಕಥೆ ಅಂತ ದೊಡ್ಡದೇನಿಲ್ಲ, ಬಣ್ಣ ಸ್ವಲ್ಪ ಜಾಸ್ತಿಯಾಯ್ತು, ಆದರೂ ನೋಡುತ್ತಾ ನೋಡುತ್ತಾ ನಗು ಬರುತ್ತೆ.

ಹೆಸರುಗಳಲ್ಲೂ ಒಂದು ಚೇಷ್ಟೆಯಿದೆ. ಜಪಾನಿ ಬರಹದಲ್ಲಿ ಕೊಹಾನೆಯ ಮನೆತನದ ಹೆಸರಲ್ಲಿ ಪಾರಿವಾಳ ಇದೆ. ಉಕಿಯದರಲ್ಲಿ ಕೋತಿ. ಹಿಜುಮೆಯ ಮನೆತನದಲ್ಲಿ ಕುದುರೆ, ಸಾಲದು ಅಂತ ‘ಹಿಜುಮೆ’ ಅಂದರೇ ಗೊರಸು. ಎತ್ತರಕ್ಕೆ ಹೆದರೋ ಪಾರಿವಾಳ! ಇದು ಗೊತ್ತಾದ ಮೇಲೆ ಹುಡುಗಿ ಅರ್ಧ ಗಂಟೆ ನಕ್ಕಳು.

ಈಗ ಅನಿಮೆಯ ಹೆಸರಲ್ಲಿರೋ ಪದಕ್ಕೆ ಬರುತ್ತೇನೆ. ‘ಯೆಲ್’ ಅಂದರೆ ನಮಗೆ ಗೊತ್ತಿರೋ ಇಂಗ್ಲಿಷಿನಲ್ಲಿ ಅರಚು, ಕಿರುಚು. ಅಮೆರಿಕದ ಕಾಲೇಜುಗಳಲ್ಲಿ ಮಾತ್ರ ಅದಕ್ಕೆ ಇನ್ನೊಂದು ಅರ್ಥ ಇದೆ. ಆಟದ ಹೊತ್ತಲ್ಲಿ ಎಲ್ಲರೂ ಸೇರಿ ಹೇಳೋ ಘೋಷಣೆಯೂ ‘ಯೆಲ್’. ಟೆಕ್ಸಾಸ್ ಎ ಅಂಡ್ ಎಮ್ ವಿಶ್ವವಿದ್ಯಾಲಯದಲ್ಲಿ ಇವತ್ತಿಗೂ ‘ಯೆಲ್ ಲೀಡರ್’ ಅಂತಲೇ ಇದ್ದಾರೆ. ಜಪಾನಿಗೆ ಹೋದದ್ದು ಈ ಅರ್ಥ. ಅಲ್ಲಿ ‘ಲ’ ಇಲ್ಲ, ಹಾಗಾಗಿ ಅದು ‘ಏರು’ ಆಯಿತು. ನಮ್ಮ ‘ಮರ ಏರು’ ಇದೆಯಲ್ಲ, ಕಿವಿಗೆ ಹೆಚ್ಚು ಕಡಿಮೆ ಹಾಗೇ! ಈಗ ಅಲ್ಲಿ ‘ಏರು’ ಕಳಿಸೋದು ಅಂದರೆ ಅರಚೋದಲ್ಲ, ಕಷ್ಟದಲ್ಲಿರುವವರಿಗೆ ನಾಲ್ಕು ಧೈರ್ಯದ ಮಾತು ಮುಟ್ಟಿಸೋದು. ಬೇಸ್‌ಬಾಲ್ ಪಂದ್ಯದಲ್ಲಿ ಎರಡೂ ಕಡೆಯ ಕೂಗುಪಡೆಗಳು ಎದುರಾಳಿಗೂ ‘ಏರು’ ಕೊಟ್ಟು ತೊಗೊಳ್ಳುವ ಪದ್ಧತಿಯೇ ಇದೆ. ನನಗೆ ಬಹಳ ಹಿಡಿಸಿದ್ದು ಇದು.

ನಮ್ಮಲ್ಲಿ ಏನಾಗಿದೆ ನೋಡಿ. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಮೈದಾನದಲ್ಲಿ ಐಪಿಎಲ್‌ನ ಮೊಟ್ಟಮೊದಲ ಪಂದ್ಯ ನಡೆಯಿತು. ಅಮೆರಿಕದಿಂದ ಚಿಯರ್‌ಲೀಡರುಗಳೂ ಬಂದಿದ್ದರು. ನಮ್ಮ ಬಾಯಿಗೆ ಈ ಪದ ಬಿದ್ದದ್ದು ಹೆಚ್ಚಾಗಿ ಆಗಲೇ. ಕೆಲವರು ‘ಚಿಯರ್’ ಅಂತ ಬರೆದರು, ಕೆಲವರು ‘ಚೀರ್’. ಎರಡನೆಯದನ್ನು ಓದಿದಾಗ ನನಗೆ ಚೀರಾಟದ ಮುಂದಾಳು ಅಂತಲೇ ಕೇಳಿಸುತ್ತೆ. ಪದ ಹೊಸದು, ಅರ್ಥ ಮಾತ್ರ ನಮ್ಮ ‘ಚೀರು’ ಕದ್ದುಕೊಂಡಿತು, ಅಲ್ವಾ? ಅದರ ಮೇಲೆ, ಇದು ಹೆಣ್ಣುಮಕ್ಕಳ ಕೆಲಸ ಅನ್ನೋ ನಂಬಿಕೆ ಬೇರೆ. ಆದರೆ 1898ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಪಂದ್ಯದಲ್ಲಿ ಜನರ ಮುಂದೆ ನಿಂತು ಕೂಗಿಸಿದ ಮೊದಲಿಗ ಜಾನಿ ಕ್ಯಾಂಪ್‌ಬೆಲ್ ಅನ್ನೋ ಹುಡುಗ. ಜಪಾನಿನ ಹಳೇ ಕೂಗುಪಡೆಗಳಲ್ಲೂ ಕಪ್ಪು ಕೋಟು, ಹಣೆಪಟ್ಟಿ, ದೊಡ್ಡ ಡೋಲಿನ ಗಂಡುಹುಡುಗರೇ. ಅವರು ‘ಫುರೇ ಫುರೇ’ ಅಂತಾರೆ. ನಮ್ಮ ಸ್ಕೂಲಿನ ‘ಹಿಪ್ ಹಿಪ್ ಹುರ್ರೇ’ಯ ಹುರ್ರೇಯೇ ಅದು.

ಚಿಯರ್ ಮಾಡೋದಕ್ಕೆ ಕನ್ನಡದಲ್ಲಿ ಒಳ್ಳೆಯ ಪದ ಇದೆ. ‘ಹುರಿದುಂಬಿಸು’. ಹುರಿ ಮತ್ತು ತುಂಬು ಸೇರಿದಾಗ ‘ತ’ ಹೋಗಿ ‘ದ’ ಬಂತು, ಬೆಟ್ಟದಾವರೆಯ ಹಾಗೆ. ಹುರಿ ಅಂದರೆ ಹೊಸೆದ ಎಳೆ, ಅದರಿಂದ ಬಂದ ಬಿಗಿ, ಬಲ. ಹುರಿಗಟ್ಟಿದ ಮೈ ಅನ್ನುತ್ತೇವೆ. ಚುನಾವಣೆ ಬಂದರೆ ಪೇಪರಿನ ತುಂಬ ‘ಹುರಿಯಾಳು’ಗಳು. ಜಪಾನಿಯವರು ಹೆಜ್ಜೆಹೆಜ್ಜೆಗೂ ಹೇಳೋ ‘ಗಂಬರೆ’ಯನ್ನು ಬರೆಯುವ ಎರಡು ಅಕ್ಷರಗಳಲ್ಲಿ ಒಂದರ ಅರ್ಥ ಹಟ, ಇನ್ನೊಂದರದು ಬಿಗಿಯಾಗಿ ಎಳೆಯೋದು. ಅಕ್ಷರ ಆಮೇಲೆ ಬಂದು ಕೂತದ್ದು ಅನ್ನುತ್ತಾರೆ, ಇರಲಿ. ನಮ್ಮದೂ ಹಗ್ಗ, ಅವರದೂ ಹಗ್ಗದಂಥದ್ದೇ ಅನ್ನೋ ಖುಷಿ ನನಗೆ.

ತೊಡಕು ಇಲ್ಲಿದೆ. ಹುರಿದುಂಬಿಸು ಅನ್ನೋದು ಕೆಲಸದ ಹೆಸರು. ಮೈದಾನದ ಅಂಚಲ್ಲಿ ನಿಂತು ಯಾರೂ ಅದನ್ನೇ ಕೂಗಲ್ಲ. ಹಾಗಾದರೆ ಕೂಗೋದು ಏನು? ಅನಿಮೆಯ ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ‘ಡೂ ಯುವರ್ ಬೆಸ್ಟ್’ ಅಂತ ಬಂತು. “ಇದು ಎಗ್ಸಾಮ್ ದಿನ ಮಿಸ್ ಹೇಳೋ ಮಾತು ಚಿಕ್ಕಮ್ಮ, ಯಾರಾದ್ರೂ ಹಿಂಗೆ ಕೂಗ್ತಾರಾ?” ಅಂದಳು ಹುಡುಗಿ. ‘ನಿನ್ನ ಕೈಲಾದಷ್ಟು ಮಾಡು’ ಅಂತ ಕನ್ನಡ ಮಾಡಿದರೆ ಇನ್ನೂ ಕೆಟ್ಟದು, ಕೈಲಾಗದವರಿಗೆ ಹೇಳಿದ ಹಾಗೆ. ಭಲೇ, ಭೇಷ್, ಶಹಬ್ಬಾಸ್ ಎಲ್ಲ ಗೆದ್ದ ಮೇಲಿನ ಮಾತು. ಜೈ, ಉಘೇ ಉಘೇ ದೇವರ ಮುಂದಿನದು. ಇನ್ನೂ ಒದ್ದಾಡುತ್ತಿರುವವನಿಗೆ ಏನು?

ನಿನ್ನೆ ಉತ್ತರದ ಒಂದು ತುದಿ ಸಿಕ್ಕಿತು ಅನ್ನಿಸುತ್ತೆ. ಅಟ್ಟದ ಮೇಲಿನ ಚಕ್ಕುಲಿ ಒರಳು ಇಳಿಸೋಕೆ ಸ್ಟೂಲ್ ಮೇಲೆ ಹತ್ತಿದ್ದೆ. ಸ್ಟೂಲಿನ ಒಂದು ಕಾಲು ಗಿಡ್ಡ. ನಾನು ಗೋಡೆ ಹಿಡಿದು ನಿಂತುಬಿಟ್ಟೆ. ಕೆಳಗಿಂದ ಇವಳು “ಹತ್ತು ಚಿಕ್ಕಮ್ಮ, ಹತ್ತು ಹತ್ತು!” ಅಂತ ಚಪ್ಪಾಳೆ ಹೊಡೆದಳು. ತಕ್ಷಣ ನಮ್ಮ ಸ್ಕೂಲಿನ ಹಗ್ಗಜಗ್ಗಾಟ ನೆನಪಾಯಿತು. ಗೆರೆಯ ಆಚೆ ನಿಂತು ನಾವು ಕೂಗುತ್ತಿದ್ದದ್ದು “ಎಳಿ, ಎಳಿ, ಎಳಿ!” ಓಟದಲ್ಲಿ “ಓಡು ಓಡು!” ಕಬಡ್ಡಿಯಲ್ಲಿ “ಹಿಡಿ ಹಿಡಿ, ಬಿಡಬೇಡ!” ಎಲ್ಲದಕ್ಕೂ ಒಂದೇ ‘ಗಂಬರೆ’ ನಮಗಿಲ್ಲ. ಅವನು ಏನು ಮಾಡುತ್ತಿದ್ದಾನೋ ಅದನ್ನೇ ಎರಡು ಸಲ, ಮೂರು ಸಲ ಅಂದು ಬಲ ಕೊಡುತ್ತೇವೆ. ಇದು ಪದ ಇಲ್ಲದ ಬಡತನ ಅಂತ ನನಗೆ ಅನ್ನಿಸಲ್ಲ. ಸಬ್‌ಟೈಟಲ್ ಬರೆಯುವವರು ಹಟ ಹಿಡಿದು ಒಂದೇ ಪದ ಹುಡುಕದೆ, ದೃಶ್ಯದಲ್ಲಿ ನಡೆಯೋ ಕ್ರಿಯೆಯನ್ನೇ ಜೋಡಿ ಮಾಡಿದರೆ ಸಾಕು.

ಆದರೆ ಕ್ರಿಯೆಯೇ ಇಲ್ಲದ ಕಡೆ ಏನು ಮಾಡೋದು? ಜ್ವರ ಬಂದು ಮಲಗಿದವರಿಗೆ, ರಿಸಲ್ಟ್‌ಗೆ ಕಾಯುತ್ತಿರುವವರಿಗೆ ‘ಗಂಬರೆ’ ಅಂದರೆ? ನಮ್ಮ ಮನೆಯಲ್ಲಿ ‘ಗಟ್ಟಿಯಾಗಿರು’ ಅನ್ನುತ್ತೇವೆ. ನಿಮ್ಮ ಕಡೆ ಏನಂತಾರೆ? ಕಂಬಳ ನೋಡಿದವರು, ಬಂಡಿ ಓಟ, ಕುಸ್ತಿ ನೋಡಿದವರು ಅಲ್ಲಿ ಜನ ಕೂಗೋದನ್ನು ಕೇಳಿದ ಹಾಗೇ ಬರೆದು ಕಳಿಸಿ, ತಿದ್ದಬೇಡಿ. ‘ಚಿಯರ್‌ಲೀಡರ್’ಗೆ ಹುರಿಯಾಳು ಅಂದರೆ ಸರಿಹೋಗುತ್ತಾ ಅಂತಲೂ ಹೇಳಿ. ಹುಡುಗಿಯ ಓಟು ಅದಕ್ಕೇ. ನನಗೆ ಮಾತ್ರ ಆ ಪದ ಕೇಳಿದರೆ ಕೈಯಲ್ಲಿ ಅಲ್ಲಾಡಿಸೋ ಪಾಂಪಾಮ್ ಕುಚ್ಚುಗಳ ಬದಲು ಪಕ್ಷದ ಬಾವುಟ ಕಾಣುತ್ತೆ.