ಬಸ್ಸಿಗೆ ಸಿಗ್ನಲ್‌ನಲ್ಲಿ ಮೊದಲು ಹಸಿರು ಕೊಡಲು ಆಗಲ್ವಾ?

ಗೊಟ್ಟಿಗೆರೆ_ಗಿರಾಕಿ:
ದಿನಾ ಬನ್ನೇರುಘಟ್ಟ ರೋಡಿನಲ್ಲಿ 365 ಹತ್ತುವವಳು ನಾನು. ಸ್ಟಾಪಿನಲ್ಲಿ ಜನರನ್ನು ಹತ್ತಿಸಿಕೊಂಡು ಹೊರಡುವಷ್ಟರಲ್ಲಿ ಎದುರಿನ ಸಿಗ್ನಲ್ ಕೆಂಪು. ಬಸ್ಸಿನೊಳಗೆ ಕಾಲಿಡಲು ಜಾಗ ಇರುವುದಿಲ್ಲ, ಪಕ್ಕದ ಕಾರಿನಲ್ಲಿ ಒಬ್ಬರೇ ಕೂತಿರುತ್ತಾರೆ. ಕಾಯುವುದು ಮಾತ್ರ ಇಬ್ಬರೂ ಅಷ್ಟೇ ಹೊತ್ತು! ಬಸ್ ಬರುತ್ತಿದೆ ಅಂತ ಗೊತ್ತಾದರೆ ಹಸಿರನ್ನು ಸ್ವಲ್ಪ ಜಾಸ್ತಿ ಹೊತ್ತು ಬಿಡಬಹುದಲ್ವಾ? ಗೊತ್ತಿರುವವರು ಹೇಳಿ.

ಸ್ಕೂಟರ್_ಸವಾರ:
ಮೇಡಂ, ಅಡ್ಡರಸ್ತೆಯವರು ಏನು ಪಾಪ ಮಾಡಿದ್ದಾರೆ? ಒಂದರ ಹಿಂದೆ ಒಂದು ಬಸ್ ಬರುತ್ತಲೇ ಇದ್ದರೆ ನಮಗೆ ಹಸಿರು ಯಾವಾಗ?

ಸಿಗ್ನಲ್_ಡಬ್ಬಿ:
ಸಿಗ್ನಲ್ ಟೈಮಿಂಗ್ ಹಾಕುವುದೇ ನನ್ನ ಕೆಲಸ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಬಸ್ ಬಂತು ಅಂತ ಎಲ್ಲರನ್ನೂ ನಿಲ್ಲಿಸಿಬಿಡುವುದಲ್ಲ ಇದು. ಅದು ಆಂಬುಲೆನ್ಸ್‌ಗೆ. ಹಸಿರು ಮುಗಿಯುವ ಹೊತ್ತಿಗೆ ಬಸ್ ಹತ್ತಿರದಲ್ಲಿದ್ದರೆ ಐದೋ ಹತ್ತೋ ಸೆಕೆಂಡ್ ಎಳೆಯುತ್ತಾರೆ. ಕೆಂಪಿನಲ್ಲಿ ನಿಂತಿದ್ದರೆ ಕೆಂಪನ್ನು ಸ್ವಲ್ಪ ಬೇಗ ಮುಗಿಸುತ್ತಾರೆ. ಸವಾರರೇ, ಅಡ್ಡರಸ್ತೆಗೂ ರಸ್ತೆ ದಾಟುವವರಿಗೂ ಇಷ್ಟು ಅಂತ ಕನಿಷ್ಠ ಸಮಯ ಇರುತ್ತದೆ, ಅದನ್ನು ಮುಟ್ಟುವಂತಿಲ್ಲ. ಕಿತ್ತುಕೊಂಡ ಸೆಕೆಂಡುಗಳನ್ನು ಮುಂದಿನ ಸುತ್ತಿನಲ್ಲಿ ನಿಮಗೆ ವಾಪಸ್ ಕೊಡಲೂಬಹುದು. ಲಂಡನ್‌ನಲ್ಲಿ ಬಸ್ಸಿನ ಜಿಪಿಎಸ್ ನೋಡಿಯೇ ಇದನ್ನು ಮಾಡುತ್ತಾರೆ. ಬಸ್ ಜಾಸ್ತಿ ಇರುವ ರಸ್ತೆಯಲ್ಲಿ ಎಲ್ಲ ಬಸ್ಸಿಗೂ ಕೊಡಬಾರದು, ತಡವಾದವಕ್ಕೆ ಮಾತ್ರ ಸಾಕು.

ಆದರೆ ಮೇಡಂ, ನಿಮ್ಮ ತೊಂದರೆಗೆ ಸಿಗ್ನಲ್‌ಗಿಂತ ಸ್ಟಾಪೇ ಕಾರಣ ಇರಬೇಕು. ಸ್ಟಾಪ್ ಸಿಗ್ನಲ್‌ಗಿಂತ ಹಿಂದಿದ್ದರೆ ಬಸ್ ಯಾವಾಗ ಹೊರಡುತ್ತದೆ ಅಂತ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗಬೇಕು? ಅಜ್ಜಿಯೊಬ್ಬರು ಮೂಟೆ ಒಳಗೆ ಎಳೆದುಕೊಳ್ಳುವಷ್ಟರಲ್ಲಿ ಕೊಟ್ಟ ಹಸಿರೆಲ್ಲ ದಂಡ. ಸ್ಟಾಪನ್ನು ಸಿಗ್ನಲ್ ದಾಟಿದ ಮೇಲೆ ಇಟ್ಟರೆ ಆ ರಗಳೆಯೇ ಇಲ್ಲ.

ಇನ್ನೊಂದು, ಬಸ್ ಉದ್ದದ ಕ್ಯೂನ ಬಾಲದಲ್ಲಿ ಸಿಕ್ಕಿಕೊಂಡಿದ್ದರೆ ಹತ್ತು ಸೆಕೆಂಡ್ ಯಾವ ಮೂಲೆಗೂ ಸಾಲದು. ಅದಕ್ಕೆ ಲೇನ್ ಬೇಕು. 2019ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ರಿಂಗ್ ರೋಡಿನಲ್ಲಿ ಬಸ್ ಲೇನ್ ಮಾಡಿದ್ದರು. ಮೆಟ್ರೋ ಕೆಲಸ ಬಂತು, ಲೇನ್ ಹೋಯಿತು.

ಧಾರವಾಡ_ಪೇಢಾ:
ನಮ್ಮ ಕಡೆ ಬಂದು ನೋಡ್ರಿ. 2018ರಿಂದ ಚಿಗರಿ ಬಸ್ ಹುಬ್ಬಳ್ಳಿ-ಧಾರವಾಡದ ನಡುವೆ ಬಹುಪಾಲು ತನ್ನದೇ ದಾರಿಯಲ್ಲಿ ಓಡುತ್ತದೆ, ರಸ್ತೆಯ ಮಧ್ಯದಲ್ಲಿ. ಸ್ಟೇಷನ್ನೂ ಅಲ್ಲೇ. ಪಕ್ಕದಲ್ಲಿ ಕಾರಿನವರು ಬೈಯುವುದು ಇದ್ದೇ ಇದೆ, ಬೈಯಲಿ ಬಿಡ್ರಿ.

ಗೊಟ್ಟಿಗೆರೆ_ಗಿರಾಕಿ:
ಡಬ್ಬಿ ಸರ್, ಥ್ಯಾಂಕ್ಸ್. ಹೌದು, ನಮ್ಮ ಸ್ಟಾಪ್ ಸಿಗ್ನಲ್‌ಗೆ ತಾಗಿಕೊಂಡೇ ಇದೆ, ಹಿಂದೆಯೇ. ಅದನ್ನು ಮುಂದಕ್ಕೆ ಹಾಕಿಸಲು ಯಾರಿಗೆ ಬರೆಯಬೇಕು?

ಸಿಗ್ನಲ್_ಡಬ್ಬಿ:
ಬಸ್ ಸಂಸ್ಥೆಗೂ ಟ್ರಾಫಿಕ್ ಪೊಲೀಸರಿಗೂ, ಇಬ್ಬರಿಗೂ ಬರೆಯಿರಿ. ಸುಮ್ನೆ ಅರ್ಜಿ ಕೊಡಬೇಡಿ. ಸಿಗ್ನಲ್ ದಾಟಿದ ಮೇಲೆ ಒಂದು ಬಸ್ ಪೂರ್ತಿ ನಿಲ್ಲುವಷ್ಟು ಜಾಗ ಎಲ್ಲಿದೆ ಅಂತ ಫೋಟೋ ಹಾಕಿ. ಅಲ್ಲಿ ಟ್ರಾನ್ಸ್‌ಫಾರ್ಮರ್, ತೆರೆದ ಚರಂಡಿ, ಆಟೋ ಸ್ಟ್ಯಾಂಡ್ ಇಲ್ಲ ಅಂತಲೂ ಬರೆಯಿರಿ. ಮೊದಲು ಕೇಳುವುದೇ ಅದನ್ನ.