ರೂಟ್ ಕೆನಾಲ್ ಆದ ದವಡೆ ಹಲ್ಲಿನ ಒಳಗೋಡೆ ಮುರಿದಿದೆ, ಕ್ಯಾಪ್ ನಿಲ್ಲುತ್ತದೆಯೇ?

ನಾಪೋಕ್ಲು_ಓದುಗ ಕೇಳಿದ್ದು:

ಅಮ್ಮನಿಗೆ 58 ವರ್ಷ. ಕೆಳಗಿನ ಎಡಗಡೆಯ ಮೊದಲ ದವಡೆ ಹಲ್ಲು, ನಂಬರ್ 36. ರೂಟ್ ಕೆನಾಲ್ ಮುಗಿದು ಮೂರು ವಾರವಾಗಿದೆ, ಮೇಲೆ ಬರೀ ತಾತ್ಕಾಲಿಕ ಫಿಲ್ಲಿಂಗ್ ಇದೆ. ನಾಲಿಗೆ ಕಡೆಯ ಗೋಡೆ ವಸಡಿನ ಮಟ್ಟಕ್ಕೆ ಮುರಿದಿದೆ. ಕೆನ್ನೆ ಕಡೆ 4 ಮಿ.ಮೀ., ಹಿಂದೆ ಮುಂದೆ ಸುಮಾರು 2 ಮಿ.ಮೀ. ಉಳಿದಿದೆ. ಎಕ್ಸ್‌ರೇಯಲ್ಲಿ ಬೇರಿನ ತುದಿ ಚೊಕ್ಕವಾಗಿದೆ, ಹಲ್ಲು ಅಲುಗಾಡುವುದಿಲ್ಲ. ದಿನಕ್ಕೆ ನಾಲ್ಕೈದು ಸಲ ಎಲೆಅಡಿಕೆ ಹಾಕುತ್ತಾರೆ, ಎದುರಿನ ಮೇಲ್ಹಲ್ಲು ಸವೆದು ಚಪ್ಪಟೆಯಾಗಿದೆ.

ಲೋಹದ ಮೇಲೆ ಪಿಂಗಾಣಿ ಇರುವ ಕ್ಯಾಪ್ ಅಥವಾ ಜಿರ್ಕೋನಿಯಾ (ಲೋಹವಿಲ್ಲದ ಬಿಳಿ ಗಟ್ಟಿ ಸೆರಾಮಿಕ್), ಎರಡರಲ್ಲಿ ಒಂದು ಆರಿಸಿ ಎಂದು ದಂತವೈದ್ಯರು ಹೇಳಿದ್ದಾರೆ. ಬೇರಿನೊಳಗೆ ಪೋಸ್ಟ್, ಅಂದರೆ ಸಣ್ಣ ಕಡ್ಡಿ, ಕೂರಿಸಬೇಕಾಗಬಹುದು ಎಂದೂ ಹೇಳಿದ್ದಾರೆ. ಯಾವುದು ಸರಿ? ಮಳೆ ಜೋರಾದರೆ ವಿರಾಜಪೇಟೆಗೆ ಪದೇ ಪದೇ ಹೋಗುವುದು ಕಷ್ಟ. ತಾತ್ಕಾಲಿಕ ಫಿಲ್ಲಿಂಗ್ ಎಷ್ಟು ದಿನ ತಡೆಯುತ್ತದೆ?

ಮಡಿಕೇರಿ_ದಂತವೈದ್ಯೆ ಉತ್ತರ:

ಕೊನೆಯ ಪ್ರಶ್ನೆಯೇ ತುರ್ತಿನದು. ತಾತ್ಕಾಲಿಕ ಫಿಲ್ಲಿಂಗನ್ನು ಎರಡು ಮೂರು ವಾರಕ್ಕಿಂತ ಹೆಚ್ಚು ನಂಬಬಾರದು. ಅದು ಸವೆದು ಅಂಚಿನಲ್ಲಿ ಬಿಟ್ಟುಕೊಂಡರೆ ಎಂಜಲು ಒಳಗಿಳಿಯುತ್ತದೆ, ಚೆನ್ನಾಗಿ ಮಾಡಿದ ರೂಟ್ ಕೆನಾಲ್ ಕೂಡ ಮತ್ತೆ ಕೆಡುತ್ತದೆ. ಕ್ಯಾಪ್ ತಡವಾದರೂ ಪರವಾಗಿಲ್ಲ, ಈ ವಾರವೇ ಆ ಫಿಲ್ಲಿಂಗ್ ತೆಗೆಸಿ, ಹಲ್ಲಿನ ಬಣ್ಣದ ಫಿಲ್ಲಿಂಗ್ ವಸ್ತುವಾದ ಕಾಂಪೋಸಿಟ್‌ನಿಂದ ಗಟ್ಟಿಯಾಗಿ ತುಂಬಿಸಿ. ಮುಂದೆ ಕ್ಯಾಪ್‌ಗೆ ಅದೇ ತಿರುಳು, ಅಂದರೆ ಒಳಗಿನ ಆಧಾರ, ಆಗುತ್ತದೆ, ಕೆಲಸ ವ್ಯರ್ಥವಾಗುವುದಿಲ್ಲ.

ಇನ್ನು ಕ್ಯಾಪ್ ಯಾವುದರದ್ದು ಎಂಬುದು ಎರಡನೆಯ ಮಾತು. ಅದು ಏನನ್ನು ಹಿಡಿದುಕೊಂಡು ನಿಲ್ಲುತ್ತದೆ ಎಂಬುದನ್ನು ಮೊದಲು ನೋಡಬೇಕು. ಪೀಪಾಯಿಗೆ ಕಬ್ಬಿಣದ ಪಟ್ಟಿ ಬಿಗಿದಂತೆ ಕ್ಯಾಪಿನ ಅಂಚು ಸ್ವಂತ ಹಲ್ಲನ್ನು ಸುತ್ತಲೂ ಅಪ್ಪಿಕೊಳ್ಳಬೇಕು. ಇದಕ್ಕೆ ಫೆರೂಲ್ ಎನ್ನುತ್ತಾರೆ. ಅಂಚಿನ ಗೆರೆಯಿಂದ ಮೇಲಕ್ಕೆ 1.5ರಿಂದ 2 ಮಿ.ಮೀ. ಎತ್ತರ, ಕನಿಷ್ಠ 1 ಮಿ.ಮೀ. ದಪ್ಪದ ಸ್ವಂತ ಹಲ್ಲು ಬೇಕು. ಕಾಂಪೋಸಿಟ್ ತುಂಬಿ ಎತ್ತರಿಸಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಹಿಡಿತ ಬರೀ ಫಿಲ್ಲಿಂಗಿನ ಮೇಲಿದ್ದರೆ ಅಗಿಯುವ ಒತ್ತಡಕ್ಕೆ ಸಿಮೆಂಟ್ ಬಿರುಕು ಬಿಡುತ್ತದೆ. ಒಂದು ದಿನ ಕ್ಯಾಪ್ ತಿರುಳಿನ ಸಮೇತ ಕೈಗೆ ಬರುತ್ತದೆ, ಇಲ್ಲವೇ ಹಲ್ಲಿನ ಬೇರು ಸೀಳುತ್ತದೆ.

ಅಮ್ಮನ ಹಲ್ಲಿನಲ್ಲಿ ಮೂರು ಕಡೆ ಗೋಡೆ ಇದೆ, ಒಂದು ಕಡೆ ಇಲ್ಲ. ಕೈಬಿಡುವ ಹಲ್ಲಲ್ಲ. ಆದರೆ ಹಿಂದೆ ಮುಂದಿನ 2 ಮಿ.ಮೀ. ಹುಳುಕು ತೆಗೆದ ಮೇಲೂ ಉಳಿಯುತ್ತದೆಯೇ, ನಾಲಿಗೆ ಕಡೆಯ ಮುರಿದ ಅಂಚಿನಿಂದ ಎಲುಬಿಗೆ ಎಷ್ಟು ದೂರ ಎಂಬುದನ್ನು ಅಳೆಯಬೇಕು. ಮಾಮೂಲಿ ಎಕ್ಸ್‌ರೇಯಲ್ಲಿ ಕೆನ್ನೆ ಕಡೆ, ನಾಲಿಗೆ ಕಡೆ ಎರಡೂ ಒಂದರ ಮೇಲೊಂದು ಬೀಳುವುದರಿಂದ ಇದು ಕಾಣುವುದಿಲ್ಲ. ಮರಗಟ್ಟಿಸಿ ಪ್ರೋಬ್ (ಗುರುತು ಹಾಕಿದ ತೆಳು ಅಳತೆ ಕಡ್ಡಿ) ಇಳಿಸಿಯೇ ನೋಡಬೇಕು. ಅಂಚಿಗೂ ಎಲುಬಿಗೂ ಸುಮಾರು 3 ಮಿ.ಮೀ. ಇದ್ದರೆ ನೆಮ್ಮದಿ. ಅದಕ್ಕಿಂತ ಕಡಿಮೆಯಿದ್ದು ಅಲ್ಲೇ ಕ್ಯಾಪಿನ ಅಂಚು ಕೂತರೆ ವಸಡು ಸದಾ ಊದಿಕೊಂಡು ರಕ್ತ ಬರುತ್ತಿರುತ್ತದೆ.

ಕಡಿಮೆ ಬಂದರೆ ವಸಡು ಮತ್ತು ಎಲುಬನ್ನು ಸ್ವಲ್ಪ ಕೆಳಗಿಳಿಸುವ ಸಣ್ಣ ಶಸ್ತ್ರಚಿಕಿತ್ಸೆ ಇದೆ, ಕ್ರೌನ್ ಲೆಂಗ್ತನಿಂಗ್. ನಂತರ ಕ್ಯಾಪಿನ ಅಳತೆ (ಹಲ್ಲಿನ ಅಚ್ಚು) ತೆಗೆಯಲು ಆರರಿಂದ ಎಂಟು ವಾರ ಕಾಯಬೇಕು. ಕೆಳದವಡೆ ಹಲ್ಲಿನಲ್ಲಿ ಎಲುಬು ಜಾಸ್ತಿ ತೆಗೆದರೆ ಎರಡು ಬೇರು ಕವಲೊಡೆಯುವ ಜಾಗ ತೆರೆದುಕೊಂಡು ಅಲ್ಲಿ ಊಟದ ಚೂರು ಸೇರುತ್ತದೆ. ಆದ್ದರಿಂದ ಆ ಕವಲು ಎಷ್ಟು ಆಳದಲ್ಲಿದೆ ಎಂದು ನೋಡದೆ ಇದಕ್ಕೆ ಕೈಹಾಕಬಾರದು.

ಪೋಸ್ಟ್ ವಿಷಯ: ಅದು ಹಲ್ಲನ್ನು ಗಟ್ಟಿ ಮಾಡುವುದಿಲ್ಲ, ತಿರುಳನ್ನು ಹಿಡಿದಿಡುತ್ತದೆ ಅಷ್ಟೇ. ದವಡೆ ಹಲ್ಲಿನ ಒಳಕೋಣೆ ಅಗಲವಾಗಿರುವುದರಿಂದ ಮೂರು ಗೋಡೆ ಇರುವಾಗ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹಾಕಲೇಬೇಕಾದರೆ ಹಿಂದಿನ ಬೇರಿಗೆ, ತುದಿಯಲ್ಲಿ 4ರಿಂದ 5 ಮಿ.ಮೀ. ಗಟ್ಟಾಪರ್ಚಾ (ರೂಟ್ ಕೆನಾಲ್‌ನಲ್ಲಿ ಬೇರಿಗೆ ತುಂಬಿದ ರಬ್ಬರಿನಂಥ ವಸ್ತು) ಉಳಿಸಿ, ಫೈಬರ್ ಪೋಸ್ಟ್ ಹಾಕಿಸಿ. ಮುಂದಿನ ಬೇರಿನ ಒಳಬದಿ ತೆಳು, ಕೊರೆಯುವಾಗ ತೂತು ಬೀಳುವ ಅಪಾಯ ಅಲ್ಲೇ ಹೆಚ್ಚು.

ಕುಶಾಲನಗರ_ಲ್ಯಾಬ್ ಉತ್ತರ:

ಮೇಡಂ ಹೇಳಿದ್ದಕ್ಕೆ ಲ್ಯಾಬ್ ಕಡೆಯಿಂದ ಸೇರಿಸುತ್ತೇನೆ. ನಮಗೆ ಬರುವ ಕೆಲಸ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಜಾಗ ಸಾಲದು, ಅಂಚು ಕಾಣದು.

ಜಾಗ ಎಂದರೆ ಮೇಲ್ಹಲ್ಲಿಗೂ ಅರೆದ ಹಲ್ಲಿಗೂ ನಡುವಿನ ಸಂದು. ಪಿಂಗಾಣಿ ಹಚ್ಚಿದ ಲೋಹಕ್ಕೆ 1.5ರಿಂದ 2 ಮಿ.ಮೀ. ಬೇಕು. ಪೂರ್ತಿ ಜಿರ್ಕೋನಿಯಾಗೆ 1ರಿಂದ 1.5, ಬರೀ ಲೋಹಕ್ಕೂ ಹೆಚ್ಚುಕಡಿಮೆ ಅಷ್ಟೇ. ನಿಮ್ಮ ಅಮ್ಮನ ಹಲ್ಲು ಸವೆದು ಗಿಡ್ಡವಾಗಿರುವ ಸಾಧ್ಯತೆ ಇದೆ. ಅದನ್ನು ಇನ್ನೂ 2 ಮಿ.ಮೀ. ಅರೆದರೆ ಹಿಡಿತಕ್ಕೆ ಏನೂ ಉಳಿಯುವುದಿಲ್ಲ. ದವಡೆ ಹಲ್ಲು ಅರೆದ ಮೇಲೂ 4 ಮಿ.ಮೀ. ಎತ್ತರ ಇರಬೇಕು. ಜೊತೆಗೆ ಅಡಿಕೆ ಜಗಿಯುವ ಬಾಯಲ್ಲಿ ಪಿಂಗಾಣಿಯ ಮೇಲ್ಪದರ ಚಕ್ಕೆ ಏಳುತ್ತದೆ. ಹಾಗಾಗಿ ಈ ಹಲ್ಲಿಗೆ ಪೂರ್ತಿ ಜಿರ್ಕೋನಿಯಾ, ಅದರಲ್ಲೂ ಗಟ್ಟಿ ಜಾತಿಯ 3ವೈ. ಮುಂದಿನ ಹಲ್ಲಿಗೆ ಬಳಸುವ 5ವೈ ನೋಡಲು ಚೆಂದ, ಬಲ ಕಡಿಮೆ. ಹಣ ಉಳಿಯಬೇಕು, ಬಣ್ಣದ ಚಿಂತೆ ಇಲ್ಲ ಎಂದರೆ ಪೂರ್ತಿ ಲೋಹದ ಕ್ಯಾಪ್ ಕೂಡ ಒಳ್ಳೆಯದೇ, ಅದನ್ನು ಕೀಳಾಗಿ ಕಾಣಬೇಡಿ. ಸರ, ಓಲೆ ಚರ್ಮಕ್ಕೆ ತುರಿಕೆ ತರುವವರಾದರೆ ನಿಕ್ಕಲ್ ಇಲ್ಲದ ಕೋಬಾಲ್ಟ್ ಕ್ರೋಮಿಯಂ ಕೇಳಿ.

ಅಳತೆ ಬಗ್ಗೆ. ನಮ್ಮ ಜಿಲ್ಲೆಯಿಂದ ಅಳತೆ ಮೈಸೂರಿಗೋ ಮಂಗಳೂರಿಗೋ ಹೋಗುವುದಾದರೆ ಅದು ಅಡಿಷನ್ ಸಿಲಿಕೋನ್ (ರಬ್ಬರಿನಂತೆ ಗಟ್ಟಿಯಾಗುವ ಅಚ್ಚಿನ ವಸ್ತು) ಆಗಿರಲೇಬೇಕು. ಅದರದ್ದೇ ಗಟ್ಟಿ ಹಿಟ್ಟಿನಂಥ ಪುಟ್ಟಿ, ಅದರ ಮೇಲೆ ತೆಳುವಾಗಿ ಹರಿಯುವ ಲೈಟ್ ಬಾಡಿ. ಒಂದು ವಾರ ಕಳೆದರೂ ಆಕಾರ ಬದಲಾಗದು. ಇನ್ನೊಂದು ಅಚ್ಚಿನ ವಸ್ತು ಆಲ್ಜಿನೇಟ್ ನೀರಿನದು, ಆರಿದರೆ ಕುಗ್ಗುತ್ತದೆ, ಕೆಲವೇ ನಿಮಿಷದಲ್ಲಿ ಗಾರೆ ಸುರಿಯಬೇಕು. ಎದುರು ದವಡೆಗೆ ಸಾಕು, ಕ್ಯಾಪಿನ ಹಲ್ಲಿಗೆ ಬೇಡ. ಲ್ಯಾಟೆಕ್ಸ್ ಗ್ಲೌಸ್ ಹಾಕಿ ಪುಟ್ಟಿ ಕಲಸಿದರೆ ಅದರ ಗಂಧಕ ತಾಗಿ ಸಿಲಿಕೋನ್ ಸರಿಯಾಗಿ ಗಟ್ಟಿಯಾಗದು, ಆಗ ಅಂಚು ಅಂಟಂಟಾಗಿ ಬರುತ್ತದೆ. ವಸಡಿನ ಸಂದಿಗೆ ದಾರ ಇಟ್ಟು ಅಂಚನ್ನು ಬಿಡಿಸಿ, ರಕ್ತ ನಿಲ್ಲಿಸಿ, ಆಮೇಲೆಯೇ ಅಳತೆ. ಅಂಚು ಕಾಣದಿದ್ದರೆ ನಾವು ಅಂದಾಜಿನಲ್ಲಿ ಗೆರೆ ಎಳೆಯಬೇಕಾಗುತ್ತದೆ, ಆ ಸಂದಿನಲ್ಲೇ ನಾಳೆ ಹುಳುಕು.

ನಾಪೋಕ್ಲು_ಓದುಗ:

ತುಂಬಾ ಉಪಕಾರವಾಯಿತು ಡಾಕ್ಟ್ರೇ, ಲ್ಯಾಬಿನ ಅಣ್ಣನಿಗೂ. ಅಳತೆ ಕೊಟ್ಟು ಬಂದ ಮೇಲೆ ಮಳೆಗೆ ರಸ್ತೆ ಕೆಟ್ಟು, ನಡುವೆ ತಾತ್ಕಾಲಿಕ ಕ್ಯಾಪ್ ಬಿದ್ದುಹೋದರೆ? ಕೂರಿಸುವ ದಿನ ನಾವು ಏನು ನೋಡಿಕೊಳ್ಳಬೇಕು?

ಮಡಿಕೇರಿ_ದಂತವೈದ್ಯೆ:

ಬಿದ್ದರೆ ತೊಳೆದು ಡಬ್ಬಿಯಲ್ಲಿಟ್ಟು ಆದಷ್ಟು ಬೇಗ ಫೋನ್ ಮಾಡಿ. ಸೂಪರ್ ಗ್ಲೂ ಹಚ್ಚಲೇಬೇಡಿ, ಅಂಟು ಅರೆದ ಅಂಚಿನ ಮೇಲೆ ಕೂತರೆ ಹೊಸ ಕ್ಯಾಪ್ ಇಳಿಯುವುದಿಲ್ಲ. ಸಡಿಲವಾಗಿ ಕೂರಿಸಿಕೊಂಡು ಮಲಗುವುದೂ ಬೇಡ, ನಿದ್ದೆಯಲ್ಲಿ ಗಂಟಲಿಗೆ ಜಾರುತ್ತದೆ. ರೂಟ್ ಕೆನಾಲ್ ಆದ ಹಲ್ಲಾದ್ದರಿಂದ ನೋವೇನೂ ಇರದು, ಅದೇ ಮೋಸ. ಹಾಗೇ ಬಿಟ್ಟರೆ ಪಕ್ಕದ ಹಲ್ಲು ವಾಲುತ್ತದೆ, ಮೇಲಿನದು ಕೆಳಗಿಳಿಯುತ್ತದೆ, ಮಾಡಿಸಿದ ಕ್ಯಾಪ್ ಹಿಡಿಯದೆ ಹೋಗುತ್ತದೆ. ತಾತ್ಕಾಲಿಕ ಕ್ಯಾಪ್ ಬಾಯಲ್ಲಿರುವಷ್ಟು ದಿನ ನೂಪುಟ್ಟು, ಕಡಂಬುಟ್ಟಿನಂಥ ಮೆತ್ತಗಿನದನ್ನು ಇನ್ನೊಂದು ಬದಿಯಲ್ಲಿ ತಿನ್ನಲಿ. ಪಂದಿಕರಿಯ ಎಲುಬು, ಅಡಿಕೆ ಬೇಡ.

ಕೂರಿಸುವ ದಿನ ಮರಗಟ್ಟಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಕಚ್ಚು ಸರಿಯಿದೆಯೇ ಎಂದು ಅಮ್ಮನೇ ಹೇಳಬಲ್ಲರು. ಸಿಮೆಂಟ್ ಹಾಕುವ ಮೊದಲು ಪಕ್ಕದ ಹಲ್ಲಿನ ಸಂದಿನಲ್ಲಿ ಫ್ಲಾಸ್ ದಾರ ಬಿಗಿಯಾಗಿ, ಟಕ್ಕೆಂದು ಇಳಿಯಬೇಕು. ಸಲೀಸಾಗಿ ಜಾರಿದರೆ ಅಲ್ಲಿ ಮಾಂಸದ ನಾರು ಸಿಕ್ಕಿಕೊಳ್ಳುತ್ತದೆ, ಲ್ಯಾಬಿಗೆ ವಾಪಸ್ ಕಳಿಸಬೇಕು. ದಾರ ಇಳಿಯದೇ ಇದ್ದರೆ ಕ್ಯಾಪ್ ಪೂರ್ತಿ ಕೂತಿಲ್ಲ ಎಂದರ್ಥ. ಅಂಚಿನ ಮೇಲೆ ಚೂಪು ಕಡ್ಡಿ ಆಡಿಸಿದರೆ ಮೆಟ್ಟಿಲು ಸಿಗಬಾರದು. ಬಣ್ಣದ ಕಾಗದ ಕಚ್ಚಿಸಿ ಎತ್ತರ ಉಜ್ಜಿದ ಮೇಲೆ ಜಿರ್ಕೋನಿಯಾವನ್ನು ಮತ್ತೆ ಕನ್ನಡಿಯಂತೆ ಪಾಲಿಶ್ ಮಾಡಿಸಿ. ಒರಟಾಗಿ ಬಿಟ್ಟರೆ ಮೊದಲೇ ಸವೆದ ಮೇಲ್ಹಲ್ಲನ್ನು ಅದು ಇನ್ನೂ ತಿನ್ನುತ್ತದೆ. ಹೆಚ್ಚಾಗಿ ಹೊರಬಂದ ಸಿಮೆಂಟನ್ನು ಗಂಟು ಹಾಕಿದ ಫ್ಲಾಸ್‌ನಿಂದ ಪಕ್ಕಕ್ಕೆ ಎಳೆದು ತೆಗೆದು, ಒಂದು ಎಕ್ಸ್‌ರೇ. ವಸಡಿನೊಳಗೆ ಉಳಿದ ಚೂರು ಕಣ್ಣಿಗೆ ಕಾಣುವುದಿಲ್ಲ. ಅವತ್ತಿನಿಂದ 24 ಗಂಟೆ ಆ ಬದಿಯಲ್ಲಿ ಗಟ್ಟಿ ಪದಾರ್ಥ ಬೇಡ.

ಒಂದು ಮಾತು ಕೇಳಲೇಬೇಕು. ಅಮ್ಮನ ಬಾಯಿ ಅವರದೇ ಮೂರು ಬೆರಳು ಉದ್ದುದ್ದಕ್ಕೆ ಹಿಡಿಯುವಷ್ಟು ತೆರೆಯುತ್ತದೆಯೇ? ಅಡಿಕೆಯಿಂದ ಕೆನ್ನೆಯ ಒಳಪದರ ಬಿಗಿಯುತ್ತದೆ. ಬಾಯಿ ಕಡಿಮೆ ತೆರೆದರೆ ದವಡೆ ಹಲ್ಲು ಅರೆಯುವುದೂ ಅಳತೆ ತೆಗೆಯುವುದೂ ಕಷ್ಟ. ಅದಕ್ಕಿಂತ ಮುಖ್ಯ, ಅದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ಕೆನ್ನೆಯಲ್ಲಿ ಬಿಳಿ ಪಟ್ಟಿ, ಖಾರ ತಡೆಯದ ಉರಿ ಇದ್ದರೆ ಕ್ಯಾಪ್ ಆಮೇಲೆ ಮಾಡಿಸಿ, ಮೊದಲು ಅದನ್ನು ತೋರಿಸಿ. ವಿರಾಜಪೇಟೆ ಮಗ್ಗುಲದ ದಂತ ವೈದ್ಯಕೀಯ ಕಾಲೇಜಿನಲ್ಲಿ ಇದನ್ನೂ ವಸಡಿನ ಅಳತೆಯನ್ನೂ ಕೇಳಿ, ಒಂದೇ ಓಡಾಟದಲ್ಲಿ ಮುಗಿಯಬಹುದು.

ನಾಪೋಕ್ಲು_ಓದುಗ:

ಈಗಷ್ಟೇ ನೋಡಿದೆವು ಡಾಕ್ಟ್ರೇ, ಎರಡೂವರೆ ಬೆರಳು. ಸೋಮವಾರ ಮಗ್ಗುಲಕ್ಕೆ ಕರೆದುಕೊಂಡು ಹೋಗುತ್ತೇನೆ.