ರೇಡಿಯೊ ಸಾಕ್ಷ್ಯರೂಪಕಕ್ಕೆ ನಿರೂಪಕ ಬೇಕೇ?

ಪ್ರಶ್ನೆ: ಹುನಗುಂದದ ಕೇಳುಗ

ಮಾನ್ಯರೇ,

ಇಳಕಲ್ ಸೀರೆಯ ನೇಕಾರರನ್ನು ಕುರಿತು ಸಮುದಾಯ ಬಾನುಲಿ ಕೇಂದ್ರವೊಂದಕ್ಕೆ ಅರ್ಧ ಗಂಟೆಯ ಸಾಕ್ಷ್ಯರೂಪಕ ಸಿದ್ಧಪಡಿಸುತ್ತಿದ್ದೇನೆ. ಮಾತುಗಳ ಧ್ವನಿಮುದ್ರಣ ಬಹುಮಟ್ಟಿಗೆ ಮುಗಿದಿದೆ. ಕುಣಿಮಗ್ಗದಲ್ಲಿ, ಅಂದರೆ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಕೈಮಗ್ಗದಲ್ಲಿ, ನೇಯುತ್ತಲೇ ಮಾತನಾಡಿದ ಹಿರಿಯರು, ವಿದ್ಯುತ್ ಮಗ್ಗಕ್ಕೆ ಹೊರಳಿದ ಅವರ ಮಕ್ಕಳು, ನೂಲಿನ ವ್ಯಾಪಾರಿ, ಎಲ್ಲರೂ ತಮ್ಮ ತಮ್ಮ ಧಾಟಿಯಲ್ಲಿ ಸೊಗಸಾಗಿಯೇ ಮಾತನಾಡಿದ್ದಾರೆ. ತೊಡಕಿರುವುದು ಜೋಡಣೆಯಲ್ಲಿ.

ಆಕಾಶವಾಣಿಯ ರೂಪಕಗಳನ್ನು ಕೇಳಿ ಬೆಳೆದವನಾದ್ದರಿಂದ ಒಂದು ಗಂಡು ಧ್ವನಿ, ಒಂದು ಹೆಣ್ಣು ಧ್ವನಿ ಸರದಿಯಂತೆ ಓದುವ ನಿರೂಪಣೆ, ನಡುನಡುವೆ ಕೊಳಲು, ಕೊನೆಗೊಂದು ವಚನ ಎಂಬ ಕ್ರಮವೇ ನನಗೆ ಮೊದಲು ಹೊಳೆಯುತ್ತದೆ. ಆದರೆ ಈಚೆಗೆ ಬಿಬಿಸಿಯ ‘ರೇಡಿಯೊ ಬ್ಯಾಲಡ್’ (ಬಾನುಲಿ ಕಥನಗೀತೆ) ಮಾಲಿಕೆಯನ್ನೂ ಕೆನಡಾದ ಪಿಯಾನೊ ವಾದಕ ಗ್ಲೆನ್ ಗೌಲ್ಡ್ ಅವರ ‘ದಿ ಐಡಿಯಾ ಆಫ್ ನಾರ್ತ್’ ಕಾರ್ಯಕ್ರಮವನ್ನೂ ಕೇಳಿದಾಗ, ನಿರೂಪಕನಿಲ್ಲದೆಯೇ ಇಂಥ ಕಾರ್ಯಕ್ರಮ ನಿಲ್ಲಬಲ್ಲದು ಎನ್ನಿಸಿತು. ನಿರೂಪಕನನ್ನು ಕೈಬಿಟ್ಟರೆ ಕೇಳುಗರು ದಾರಿ ತಪ್ಪುವುದಿಲ್ಲವೇ? ಇಟ್ಟುಕೊಂಡರೆ ನೇಕಾರರ ಮಾತುಗಳು ನನ್ನ ಮಾತಿಗೆ ಬರಿಯ ಸಾಕ್ಷಿಗಳಾಗಿ ಕುಗ್ಗುವುದಿಲ್ಲವೇ? ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಧ್ವನಿಸುರುಳಿ

ತಾವು ಹೆಸರಿಸಿದ ಬ್ಯಾಲಡ್ ಮಾಲಿಕೆಯಲ್ಲಿ ನಿರೂಪಕನಿಲ್ಲ ಎಂಬುದು ಅರ್ಧ ಮಾತ್ರ ನಿಜ. ಬಿಬಿಸಿಯ ನಿರ್ಮಾಪಕ ಚಾರ್ಲ್ಸ್ ಪಾರ್ಕರ್, ಜನಪದ ಗಾಯಕರಾದ ಇವಾನ್ ಮೆಕಾಲ್ ಮತ್ತು ಪೆಗಿ ಸೀಗರ್ ಸೇರಿ 1958ರಿಂದ 1964ರವರೆಗೆ ಇಂಥ ಎಂಟು ಕಾರ್ಯಕ್ರಮಗಳನ್ನು ಮಾಡಿದರು. ಮೊದಲನೆಯದು ಜಾನ್ ಆಕ್ಸನ್ ಎಂಬ ರೈಲು ಚಾಲಕನದು. 1957ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ, ಉಗಿಯ ಕೊಳವೆ ಒಡೆದು ಬ್ರೇಕ್ ಹಿಡಿಯದಾದ ಸರಕು ಗಾಡಿಯನ್ನು ಬಿಟ್ಟು ಹಾರದೆ ನಿಯಂತ್ರಿಸಲು ಯತ್ನಿಸುತ್ತ ಆತ ಅಪಘಾತದಲ್ಲಿ ಸತ್ತ. ಅಂದಿನ ರೂಢಿಯ ಪ್ರಕಾರ, ರೈಲು ನೌಕರರ ಮಾತನ್ನು ಧ್ವನಿಮುದ್ರಿಸಿಕೊಂಡು, ಅದನ್ನು ಆಧರಿಸಿ ಹಸ್ತಪ್ರತಿ ಬರೆದು, ನಟರಿಂದ ಆಡಿಸುವುದು ಮೂಲ ಯೋಜನೆಯಾಗಿತ್ತು. ಆದರೆ ಸುರುಳಿಗಳನ್ನು ಮತ್ತೆ ಕೇಳಿದಾಗ, ಆ ನೌಕರರ ಉಸಿರು, ತಡವರಿಕೆ, ಊರ ನುಡಿ ಯಾವ ನಟನಿಂದಲೂ ಬಾರದೆಂದು ಮೆಕಾಲ್ ಅವರಿಗೆ ಮನವರಿಕೆಯಾಯಿತು. ಹೀಗಾಗಿ ಅಸಲಿ ಧ್ವನಿಗಳೇ ಪ್ರಸಾರವಾದವು.

ಅಲ್ಲಿ ಓದುವ ನಿರೂಪಕ ಇಲ್ಲದಿದ್ದರೂ ಅವನ ಕೆಲಸ ಉಳಿದೇ ಇತ್ತು, ಅದನ್ನು ಹಾಡುಗಳು ಮಾಡಿದವು. ಎಲ್ಲಿದ್ದೇವೆ, ಯಾವ ದಿನ, ಮುಂದೇನಾಯಿತು ಎಂಬುದನ್ನೆಲ್ಲ ಹಾಡೇ ಹೇಳುತ್ತದೆ. ನಮ್ಮ ಲಾವಣಿಕಾರರು ಹಲಗಲಿ ಬೇಡರ ಬಂಡಾಯವನ್ನು ಹಾಡಿನಲ್ಲೇ ನಡೆಸಿಕೊಂಡು ಹೋಗುವುದನ್ನು ಕೇಳಿದವರಿಗೆ ಇದು ಹೊಸತೇನಲ್ಲ. ಹೆರಿಂಗ್ ಮೀನುಗಾರರನ್ನು ಕುರಿತ ಇದೇ ಮಾಲಿಕೆಯ ‘ಸಿಂಗಿಂಗ್ ದ ಫಿಶಿಂಗ್’ 1960ರಲ್ಲಿ ಪ್ರಿ ಇಟಾಲಿಯಾ ಎಂಬ ಅಂತರರಾಷ್ಟ್ರೀಯ ಪ್ರಸಾರ ಪ್ರಶಸ್ತಿ ಪಡೆಯಿತು; ಅದರಲ್ಲಿ ಹಾಡು ಹುಟ್ಟಿದ್ದೇ ಮೀನುಗಾರರ ಮಾತಿನಿಂದ. ತಮ್ಮ ಕೊಳಲು ಮತ್ತು ವಚನಗಳು ಇಂಥ ಯಾವ ಹೊರೆಯನ್ನೂ ಹೊರುವುದಿಲ್ಲವಾದ್ದರಿಂದ ಅವನ್ನು ಈಗಲೇ ಕೈಬಿಡಬಹುದು. ನೇಕಾರರೆಂದ ಕೂಡಲೇ ದೇವರ ದಾಸಿಮಯ್ಯನವರನ್ನು ಕರೆತರುವ ಅಭ್ಯಾಸದಿಂದ ದಾಸಿಮಯ್ಯನವರಿಗೂ ನ್ಯಾಯ ಸಿಗುವುದಿಲ್ಲ.

ಉತ್ತರ: ಹಸ್ತಪ್ರತಿ

ಆಕಾಶವಾಣಿಯ ರೂಪಕವನ್ನು ಇಷ್ಟು ಹಗುರವಾಗಿ ಬದಿಗೆ ಸರಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಧ್ವನಿಮುದ್ರಣ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಹಳ್ಳಿಗೆ ಹೋಗುವುದು ಸಾಧ್ಯವಿಲ್ಲದಿದ್ದ ಕಾಲದಲ್ಲಿ ಬಾನುಲಿ ಎಂದರೆ ಸ್ಟುಡಿಯೊ, ಸ್ಟುಡಿಯೊ ಎಂದರೆ ಬರೆದ ಮಾತು. ಬಿಬಿಸಿಯಲ್ಲಿಯೂ ಹಾಗೆಯೇ ಇತ್ತು. ಬರಹದ ಶಿಸ್ತು ಅಲ್ಲಿಂದ ಬಂದದ್ದು. ನೋಡುವವನ ಕಣ್ಣಾಗಿ ನಿಂತು ವಿವರಿಸುವುದೂ ಒಂದು ಕಲೆಯೇ. 1948ರಲ್ಲಿ ಗಾಂಧೀಜಿಯವರ ಅಂತಿಮಯಾತ್ರೆಯನ್ನು ಸುಮಾರು ಏಳು ಗಂಟೆಗಳ ಕಾಲ ದೇಶಕ್ಕೆ ವಿವರಿಸಿದ ಮೆಲ್ವಿಲ್ ಡಿ ಮೆಲ್ಲೊ ಅವರೇ ಮುಂದೆ ಗಿರ್ ಕಾಡಿನ ಸಿಂಹಗಳ ಸಾಕ್ಷ್ಯರೂಪಕಕ್ಕಾಗಿ ಆಕಾಶವಾಣಿಗೆ 1964ರ ಪ್ರಿ ಇಟಾಲಿಯಾ ತಂದುಕೊಟ್ಟರು.

ಇನ್ನು ತಮ್ಮ ವಿಷಯಕ್ಕೆ ಬರುತ್ತೇನೆ. ಮಗ್ಗದ ಸದ್ದು ಕಿವಿಗೆ ಹಿತವಾದದ್ದು, ಸುಲಭವಾಗಿ ಸಿಗುವಂಥದ್ದು, ಆದ್ದರಿಂದಲೇ ಅದನ್ನು ನಂಬಬಾರದು. ಇಳಕಲ್ ಸೀರೆಯನ್ನು ಬೇರೆ ಸೀರೆಗಳಿಂದ ಬೇರ್ಪಡಿಸುವ ಕೆಲಸ ಯಾವುದು? ಒಡಲಿನ ಹಾಸು (ಮಗ್ಗಕ್ಕೆ ಉದ್ದಕ್ಕೆ ಹೂಡಿದ ಎಳೆಗಳು) ಮತ್ತು ಸೆರಗಿನ ಹಾಸು, ಇವೆರಡರ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸುವುದು. ಈ ಜೋಡಣೆಯ ಕಾರಣದಿಂದಲೇ ಮಾರುದ್ದದ ಹಾಸು ಹೂಡಿ ಒಂದರ ಹಿಂದೊಂದು ಸೀರೆ ನೇಯಲು ಬರುವುದಿಲ್ಲ. ಪ್ರತಿ ಸೀರೆಗೂ ಹಾಸು ಬೇರೆ. ಕೂಲಿಯ ಲೆಕ್ಕ, ಸಮಯದ ಲೆಕ್ಕ ಇಲ್ಲಿಗೇ ಬಂದು ತಗುಲುತ್ತವೆ. ಆದರೆ ಈ ಕೆಲಸ ಬೆರಳುಗಳಲ್ಲಿ ನಡೆಯುವುದರಿಂದ ಮೈಕಿಗೆ ಏನೂ ಕೇಳಿಸುವುದಿಲ್ಲ. ಲಾಳಿಯ ಸದ್ದನ್ನು ಹತ್ತು ನಿಮಿಷ ಕೇಳಿಸಿ ಈ ಮೌನದ ಕೆಲಸವನ್ನು ಬಿಟ್ಟರೆ ಕಾರ್ಯಕ್ರಮ ಇಳಕಲ್ಲಿನದಾಗದೆ ಯಾವುದೋ ಒಂದು ಮಗ್ಗದ್ದಾಗುತ್ತದೆ. ಸದ್ದಿಲ್ಲದ ಕಡೆ ಮಾತು ಬೇಕು, ಆ ಮಾತನ್ನು ಆಡಲು ಒಬ್ಬ ನಿರೂಪಕ ಬೇಕು.

ಉತ್ತರ: ಮಧ್ಯಮ ತರಂಗ

ಮೇಲಿನ ಉತ್ತರದಲ್ಲಿ ‘ಸದ್ದಿಲ್ಲದ ಕಡೆ ಮಾತು ಬೇಕು’ ಎಂಬುದನ್ನು ಒಪ್ಪುತ್ತೇನೆ, ‘ಆದ್ದರಿಂದ ನಿರೂಪಕ ಬೇಕು’ ಎಂಬುದನ್ನು ಒಪ್ಪಲಾರೆ. ಕುಣಿಕೆ ಹಾಕುತ್ತಿರುವ ಕೈಯೇ ‘ಈಗ ಈ ಎಳೆ ಹಿಡಿದೆ’ ಎಂದು ಹೇಳಬಹುದಲ್ಲ? ಕೆಲಸ ಮಾಡುತ್ತ ಹೇಳುವ ಮಾತಿನಲ್ಲಿ ಕೈಯ ವೇಗ ತಾನಾಗಿ ಬರುತ್ತದೆ. ಎಳೆ ಸಿಕ್ಕಾದಾಗ ಮಾತೂ ನಿಲ್ಲುತ್ತದೆ.

ಗೌಲ್ಡ್ ಅವರ ಉದಾಹರಣೆಯನ್ನೂ ಎಚ್ಚರದಿಂದ ನೋಡಬೇಕು. 1967ರ ಡಿಸೆಂಬರ್‌ನಲ್ಲಿ ಕೆನಡಾದ ಪ್ರಸಾರ ಸಂಸ್ಥೆ ಸಿಬಿಸಿ ಪ್ರಸಾರ ಮಾಡಿದ ಆ ಕಾರ್ಯಕ್ರಮದಲ್ಲಿ ಐವರು ಕೆನಡಾದ ಉತ್ತರದ ಬಗ್ಗೆ ಮಾತನಾಡುತ್ತಾರೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಸ್ವರಮೇಳದಂತೆ ಹರಿಯುತ್ತದೆ, ಕೆಳಗೆ ರೈಲಿನ ಸದ್ದು. ನಿರೂಪಕ ಅಲ್ಲಿಯೂ ಇದ್ದಾನೆ. ಆರಂಭದಲ್ಲಿ ಗೌಲ್ಡ್ ಅವರೇ ಸ್ವಲ್ಪ ಮಾತನಾಡುತ್ತಾರೆ, ಆಮೇಲೆ ಐವರಲ್ಲಿ ಒಬ್ಬರಾದ ನಿವೃತ್ತ ಭೂಮಾಪಕರು ಆ ಸ್ಥಾನವನ್ನು ತುಂಬುತ್ತಾರೆ. ಐವರನ್ನೂ ಬೇರೆ ಬೇರೆಯಾಗಿ ಧ್ವನಿಮುದ್ರಿಸಲಾಗಿತ್ತು. ಅವರ ನಡುವೆ ನಡೆದಂತೆ ಕೇಳಿಸುವ ಸಂವಾದ ಕತ್ತರಿಯಿಂದ ಹುಟ್ಟಿದ್ದು. ಸಂಗೀತವಾಗಿ ಅದು ಅದ್ಭುತ. ಆದರೆ ತಂದೆ ಮತ್ತು ಮಗ ಎಂದೂ ಪರಸ್ಪರ ಆಡದ ಮಾತನ್ನು ಆಡಿದಂತೆ ಜೋಡಿಸಿ ಅವರ ಊರಿನಲ್ಲೇ ಬಿತ್ತರಿಸಿದರೆ ಮರುದಿನ ಬಾಗಿಲು ತಟ್ಟುವವರಿಗೆ ಏನು ಉತ್ತರ ಹೇಳುತ್ತೀರಿ? ಇನ್ನೊಂದು ವಿಷಯ: ಆ ಐವರಲ್ಲಿ ಉತ್ತರದ ಮೂಲನಿವಾಸಿಗಳಾದ ಇನುಯಿಟ್ ಜನರ ಒಂದು ಧ್ವನಿಯೂ ಇಲ್ಲ. ತಮ್ಮ ಪಟ್ಟಿಯಲ್ಲಿ ಹಿರಿಯರು, ಮಕ್ಕಳು, ವ್ಯಾಪಾರಿ ಇದ್ದಾರೆ. ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಸುತ್ತುವ, ನೂಲು ಅಣಿ ಮಾಡುವ ಹೆಂಗಸರು ಎಲ್ಲಿ? ನಿರೂಪಕ ಇರಬೇಕೇ ಬೇಡವೇ ಎಂಬುದಕ್ಕಿಂತ ಈ ಪ್ರಶ್ನೆ ನನಗೆ ದೊಡ್ಡದಾಗಿ ಕಾಣುತ್ತದೆ.

ಕೇಳುವವರು ಯಾರೆಂಬುದನ್ನೂ ತಾವು ಹೇಳಿಲ್ಲ. ಸಮುದಾಯ ಬಾನುಲಿಯ ಪ್ರಸಾರ ಸುತ್ತಲಿನ ಕೆಲವು ಕಿಲೋಮೀಟರ್‌ಗಳನ್ನು ದಾಟುವುದಿಲ್ಲ. ಇಳಕಲ್ಲಿನ ಮನೆಗಳಲ್ಲಿ ಕೇಳುವವರಿಗೆ ಕುಣಿಮಗ್ಗವೆಂದರೇನೆಂದು ವಿವರಿಸುವ ನಿರೂಪಕನನ್ನು ಯಾರೂ ಸಹಿಸಲಾರರು. ಬೆಂಗಳೂರಿಗೋ ಹೊರದೇಶದ ಕನ್ನಡಿಗರಿಗೋ ಅಂತರ್ಜಾಲದಲ್ಲಿ ಹಂಚುವುದಾದರೆ ಆ ವಿವರಣೆ ಬೇಕಾಗುತ್ತದೆ. ಎರಡು ಆವೃತ್ತಿಗಳನ್ನು ಮಾಡುವುದು ಮೇಲು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಮೊದಲ ಪ್ರಸಾರ ಊರಿನವರಿಗಾಗಿಯೇ ಆಗಿರುವುದರಿಂದ ವಿವರಣೆಯನ್ನು ಕೈಬಿಡುತ್ತೇನೆ. ಕಂಡಿಕೆ ಸುತ್ತುವವರನ್ನು ಮಾತನಾಡಿಸಲು ಈ ವಾರವೇ ಹೋಗುತ್ತೇನೆ. ಸೆರಗು ಜೋಡಿಸುವಾಗ ಮೈಕನ್ನು ಎಲ್ಲಿ ಹಿಡಿಯಬೇಕು? ಈಗಾಗಲೇ ಮಗ್ಗದ ಸದ್ದಿನ ನಡುವೆ ಧ್ವನಿಮುದ್ರಿಸಿದ ಮಾತುಗಳನ್ನು ಕತ್ತರಿಸಲು ಬರುತ್ತದೆಯೇ?

ಉತ್ತರ: ಧ್ವನಿಸುರುಳಿ

ಬರುತ್ತದೆ, ಆದರೆ ಕಷ್ಟ. ಮಗ್ಗಕ್ಕೆ ಲಯವಿರುವುದರಿಂದ ವಾಕ್ಯದ ನಡುವೆ ಕತ್ತರಿಸಿದ ಕಡೆಯಲ್ಲೆಲ್ಲ ಪೆಟ್ಟು ತಪ್ಪುತ್ತದೆ. ಮಾತಿನ ಜೋಡಣೆ ಸರಿಯಿದ್ದರೂ ಕಿವಿ ಅಲ್ಲಿ ಮುಗ್ಗರಿಸುತ್ತದೆ. ಒಂದು ಪೆಟ್ಟಿನಿಂದ ಇನ್ನೊಂದು ಪೆಟ್ಟಿಗೆ ಕತ್ತರಿಸಿ, ಬೇರೆಯಾಗಿ ಧ್ವನಿಮುದ್ರಿಸಿದ ಅದೇ ಮಗ್ಗದ ಸದ್ದನ್ನು ಕೆಳಗೆ ಹಾಸಿದರೆ ಬಹುಪಾಲು ಮುಚ್ಚಿಹೋಗುತ್ತದೆ. ಅದಕ್ಕಾಗಿ ಮಗ್ಗವನ್ನು ಮಾತಿಲ್ಲದೆ ಹತ್ತಿರದಿಂದ, ಕೋಣೆಯ ಮೂಲೆಯಿಂದ, ಬೀದಿಯಿಂದ ಪ್ರತ್ಯೇಕವಾಗಿ ಹಿಡಿದಿಟ್ಟುಕೊಳ್ಳಿ. ಮಗ್ಗ ನಿಂತ ಖಾಲಿ ಕೋಣೆಯ ಸದ್ದೂ ಒಂದು ನಿಮಿಷ ಇರಲಿ. ಮುಖ್ಯವಾದ ಮಾತುಗಳನ್ನು, ಸಾಧ್ಯವಾದರೆ, ಮಗ್ಗ ನಿಲ್ಲಿಸಿ ಇನ್ನೊಮ್ಮೆ ಕೇಳಿ ಪಡೆಯಿರಿ. ಜೋಡಣೆಯ ಹೊತ್ತಿನಲ್ಲಿ ಮೈಕು ಎಳೆಗಳ ಬಳಿ ಇರಬೇಕಾಗಿಲ್ಲ. ಬಗ್ಗಿ ಕುಳಿತವರ ಬಾಯಿಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಹಿಡಿದರೆ ಸಾಕು. ಅವರು ಸುಮ್ಮನಾದಾಗ ತಾವೂ ಸುಮ್ಮನಿರಿ, ಮುಂದಿನ ಪ್ರಶ್ನೆ ಕೇಳಲು ಆತುರಪಡಬೇಡಿ.